ಬಾಳೆಗೊನೆ ಕಡಿಯಲು ಬಾರದ ಬಾಕು

ನಿವೃತ್ತಿಯ ಹಣ ಕೈಗೆ ಬಂದ ವರ್ಷ ನನ್ನ ಜೊತೆಯಲ್ಲಿ ಪಾಠ ಮಾಡುತ್ತಿದ್ದವರಲ್ಲಿ ಒಬ್ಬರು ಜೋಡಿ ಬಳೆ ಮಾಡಿಸಿಕೊಂಡರು, ಇನ್ನೊಬ್ಬರು ಕಾಶಿಗೆ ಹೋಗಿ ಬಂದರು, ನಾನು ಒಂದು ಬಾಕು ಮಾಡಿಸಿಕೊಂಡೆ. ಈ ಸುದ್ದಿ ಚಿಕ್ಕಮಗಳೂರಿನ ನಮ್ಮ ಮನೆಯಿಂದ ಆಲ್ದೂರಿನ ತೋಟದ ಮನೆಗೆ ತಲುಪಿದ ದಿನವೇ ಅತ್ತಿಗೆ ಫೋನು ಮಾಡಿ, ‘ಅಲ್ಲ ಕಣೇ, ಅದರಲ್ಲಿ ಬಾಳೆಗೊನೆ ಕಡಿಯೋಕಾಗುತ್ತಾ?’ ಎಂದು ಕೇಳಿದರು. ಆಗುವುದಿಲ್ಲ ಎಂದೆ. ನೆರಳು ಮರದ ಕೊಂಬೆ ಸವರುವ ಮರಗಸಿಗೆ ಬರುತ್ತದೆಯೇ ಎಂದರು. ಅದಕ್ಕೂ ಬರುವುದಿಲ್ಲ ಎಂದೆ. ಬಳೆ ಮಾಡಿಸಿಕೊಂಡವರನ್ನು ಅದರಿಂದ ಏನು ಕೆಲಸವಾಗುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ ಎಂಬ ಸಣ್ಣ ಸಿಟ್ಟು ಬಂದಿತಾದರೂ, ಅತ್ತಿಗೆಯ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ನಮ್ಮ ಕಡೆ ಕತ್ತಿ ಎಂದರೆ ಕೆಲಸದ ವಸ್ತು. ಒಂದು ಬಾಯಿ, ದಪ್ಪ ಬೆನ್ನು, ತುದಿಯಲ್ಲೊಂದು ಕೊಕ್ಕು. ಮಳೆಗಾಲಕ್ಕೆ ಮುಂಚೆ ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬಂದರೆ ಮುಗಿಯಿತು. ನೆರೆಯ ಕೊಡಗಿನವರು ಮದುವೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಗೂ ಬಾಯಿ ಒಂದೇ. ಎರಡೂ ಕಡೆ ಬಾಯಿ ಇದ್ದು, ನಟ್ಟನಡುವೆ ಮೊನೆಯ ತನಕ ಒಂದು ಏಣು ಓಡುವ ಬಾಕು ತೋಟದ ಯಾವ ಕೆಲಸಕ್ಕೂ ಹುಟ್ಟಿದ್ದಲ್ಲ.

ಆಸೆ ಬಂದದ್ದು ಬೇಲೂರಿನಿಂದ. 31 ವರ್ಷ ಕನ್ನಡ ಪಾಠ ಮಾಡಿದ ನಾನು ಹೆಚ್ಚುಕಡಿಮೆ ಪ್ರತಿ ವರ್ಷವೂ ಮಕ್ಕಳನ್ನು ಚೆನ್ನಕೇಶವ ದೇವಾಲಯಕ್ಕೆ ಕರೆದೊಯ್ದಿದ್ದೇನೆ, ಬಾಗಿಲ ಬಳಿಯ ಸಳನ ಶಿಲ್ಪದ ಮುಂದೆ ನಿಂತು ಅದೇ ಕಥೆಯನ್ನು ಹೇಳಿದ್ದೇನೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಳೆಯ ಸೊಸೆವೂರು, ಅಲ್ಲಿಯ ವಾಸಂತಿಕೆಯ ಗುಡಿಯ ಬಳಿ ಮೃಗ ಮೇಲೆರಗಿದಾಗ ಸುದತ್ತ ಮುನಿ ‘ಹೊಯ್ ಸಳ’ ಎಂದು ಕೂಗಿದನೆಂಬ ಕಥೆಯದು. ಕಥೆಯನ್ನು ಬಾಯಿ ತಾನಾಗಿ ಹೇಳುತ್ತಿರುವಾಗ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲವಾದ್ದರಿಂದ ನಾನು ಸಳನ ಕೈಯನ್ನೇ ನೋಡುತ್ತಿದ್ದೆ. ಮೃಗದ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿ ನಿಂತವನ ಕೈಯಲ್ಲಿ ಉದ್ದನೆಯ ಖಡ್ಗಕ್ಕೆ ಜಾಗವೇ ಇಲ್ಲ. ನನ್ನ ಕಣ್ಣಿಗೆ ಅದು ಯಾವಾಗಲೂ ಗಿಡ್ಡ ಆಯುಧವಾಗಿಯೇ ಕಂಡಿದೆ. ಅದರ ಅಲಗು ನಿಜವಾಗಿ ಹೇಗಿದ್ದೀತು, ಅಂಥದ್ದನ್ನು ಕೈಯಲ್ಲಿ ಹಿಡಿದರೆ ತೂಕ ಎಲ್ಲಿ ಬೀಳುತ್ತದೆ ಎಂಬ ಕುತೂಹಲ ಹೇಗೋ ಒಳಗೆ ಕೂತುಬಿಟ್ಟಿತು.

ಮೊದಲು ಒಂದು ತಪ್ಪು ಮಾಡಿದೆ. ಅಂತರ್ಜಾಲದಲ್ಲಿ ‘ಡಮಾಸ್ಕಸ್’, ಅಂದರೆ ಪದರ ಉಕ್ಕು, ಎಂದು ಹೆಸರು ಹಾಕಿ ಮಾರುತ್ತಿದ್ದ ಒಂದು ಬಾಕನ್ನು 3,800 ರೂಪಾಯಿ ಕೊಟ್ಟು ತರಿಸಿಕೊಂಡೆ. ಅಲಗಿನ ತುಂಬ ಅಲೆಅಲೆಯಾದ ಗೆರೆಗಳಿದ್ದು ನೋಡಲು ಸೊಗಸಾಗಿಯೇ ಇತ್ತು. ಎರಡು ತಿಂಗಳಲ್ಲಿ ಒಂದು ಕಡೆ ತುಕ್ಕು ಹಿಡಿಯಿತೆಂದು ನುಣುಪು ಉಪ್ಪುಕಾಗದದಿಂದ ಉಜ್ಜಿದರೆ, ತುಕ್ಕಿನ ಜೊತೆಗೆ ಅಲೆಗಳೂ ಎದ್ದು ಹೋದವು. ಒಳಗಿದ್ದದ್ದು ಬೋಳು ತಗಡು. ನಿಜವಾದ ಪದರ ಉಕ್ಕಿನಲ್ಲಿ ಉಜ್ಜಿದರೆ ಗೆರೆ ಮಸುಕಾದೀತು, ಮತ್ತೆ ಆಮ್ಲದಲ್ಲಿ ಅದ್ದಿದ ಕೂಡಲೇ ಅದೇ ಗೆರೆ ಅದೇ ಜಾಗದಲ್ಲಿ ಎದ್ದು ಬರಬೇಕು, ಏಕೆಂದರೆ ಅದು ಮೇಲೆ ಬರೆದದ್ದಲ್ಲ, ಉಕ್ಕಿನ ಆಳಕ್ಕೂ ಹೋಗಿರುವಂಥದ್ದು. ಇದನ್ನು ನನಗೆ ಆಮೇಲೆ ತಿಳಿಸಿಕೊಟ್ಟವರು, ಈ ಬರಹದ ನಿಜವಾದ ನಾಯಕರಾದ, ಬೇಲೂರು ದಾಟಿ ಹಗರೆಯ ಕಡೆಗೆ ಹೋಗುವ ದಾರಿಯಲ್ಲಿ ಕುಲುಮೆ ಇಟ್ಟುಕೊಂಡಿರುವ ಯುವಕರೊಬ್ಬರು. ಅವರಿಗೆ ಪ್ರಚಾರವೆಂದರೆ ಆಗದು. ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲ ಎನ್ನುತ್ತಾರೆ. ಆದ್ದರಿಂದ ಇಲ್ಲಿ ಹೆಸರು ಬರೆಯುವುದಿಲ್ಲ.

ಅವರ ತಾತ ಸುತ್ತಲಿನ ತೋಟಗಳಿಗೆಲ್ಲ ಕತ್ತಿ, ಗುದ್ದಲಿ, ನೇಗಿಲ ಕುಳ ಮಾಡಿಕೊಡುತ್ತಿದ್ದ ಆಚಾರ್ರು. ಮೊಮ್ಮಗ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಹಿಂದಿರುಗಿ ಬಂದು ತಾತನ ಅಡಿಗಲ್ಲಿನ ಪಕ್ಕಕ್ಕೆ ಗ್ಯಾಸಿನ ಒಲೆಯನ್ನೂ ಬೆಲ್ಟ್ ಗ್ರೈಂಡರನ್ನೂ ಇಟ್ಟುಕೊಂಡಿದ್ದಾರೆ. ಊರಿನವರಿಗೆ ಅವರು ಈಗಲೂ ‘ಆಚಾರ್ರ ಮೊಮ್ಮಗ’ನೇ. ಲಾರಿಯ ಕಮಾನು ಪಟ್ಟಿ ಹಿಡಿದುಕೊಂಡು ಕತ್ತಿ ಮಾಡಿಸಲು ಬರುವ ರೈತರನ್ನು ಅವರು ಹಿಂದಕ್ಕೆ ಕಳಿಸುವುದಿಲ್ಲ. ಬೆಳಗ್ಗೆ ಆ ಕೆಲಸ, ಮಧ್ಯಾಹ್ನದ ಮೇಲೆ ನನ್ನಂಥವರ ಕೆಲಸ.

ಮೊದಲ ದಿನ ನಾನು ಒಂದು ಕಡತವನ್ನೇ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ 23 ಚಿತ್ರಗಳಿದ್ದವು: ವಿಜಯನಗರದ ಕಾಲದ ಕಠಾರಿ, ಮೊಗಲರ ಖಂಜರು, ಹಳೇಬೀಡಿನ ಮಕರತೋರಣ, ಮದನಿಕೆಯರ ತಲೆಯ ಮೇಲಿನ ಬಳ್ಳಿಯ ಚಪ್ಪರ. ಹಿಡಿಯ ತುದಿಗೆ ಸಳ ಮತ್ತು ಸಿಂಹ ಬರಬೇಕು, ಹಿಡಿಗೂ ಅಲಗಿಗೂ ನಡುವಿನ ಅಡ್ಡತುಂಡಿನ ಎರಡೂ ತುದಿಗೆ ಮಕರ ಬರಬೇಕು, ಅಲಗಿನ ಮೇಲೆ ಬಳ್ಳಿ ಹರಿಯಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಕೈ ಒರೆಸಿಕೊಂಡು, ಒಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ‘ಗಟ್ಟಿ ಹಿಡೀರಿ ಮೇಡಂ’ ಎಂದರು. ಹಿಡಿದೆ. ‘ಈಗ ಹಿಡಿ ತುದೀಲಿ ಸಿಂಹದ ಕಿವಿ ಇದೆ ಅಂತ ಅಂದ್ಕೊಳ್ಳಿ, ಅಂಗೈಗೆ ಏನಾಗುತ್ತೆ?’ ಎಂದರು. ಸಿಂಹವನ್ನು ಆ ಕ್ಷಣವೇ ಬಿಟ್ಟೆ. ಮಕರವನ್ನು ಬಿಡಲು ಇನ್ನೂ ಎರಡು ಭೇಟಿ ಬೇಕಾದವು. ಬಳ್ಳಿಯ ವಿಷಯದಲ್ಲಿ ಅವರು ಹೇಳಿದ್ದು ಹೀಗೆ: ಬೇಲೂರಿನ ಕಲ್ಲು ಗಣಿಯಿಂದ ತೆಗೆದಾಗ ಬಳಪದಷ್ಟು ಮೆದು, ಕೊರೆದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೆ ಆ ಕೆತ್ತನೆ ಒಗ್ಗುತ್ತದೆ, ಉಕ್ಕಿಗೆ ಅದರದೇ ಆದ ಬಳ್ಳಿ ಒಳಗೇ ಇದೆ, ಅದನ್ನು ಹೊರಗೆ ತರೋಣ.

ಉಕ್ಕಿನ ಬಳ್ಳಿ ಎಂದರೆ ಪದರಗಳ ಗೆರೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಯೇ ಮುಂದೆ ಹೋಗಬೇಕು. ದಕ್ಷಿಣ ಭಾರತದಿಂದ ಮೂಸೆಯಲ್ಲಿ ಕರಗಿಸಿದ ಉಕ್ಕು ಶತಮಾನಗಳ ಕಾಲ ಪಶ್ಚಿಮ ಏಷ್ಯಾಕ್ಕೆ ಹೋಗಿ ಅಲ್ಲಿ ಖಡ್ಗವಾಗುತ್ತಿತ್ತು. ಯುರೋಪಿನವರು ಆ ಉಕ್ಕಿಗೆ ಇಟ್ಟ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಬಹುಮಟ್ಟಿಗೆ ಒಪ್ಪಲಾಗಿದೆ. 1800ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಆ ಉಕ್ಕಿನ ಮೈಮೇಲಿನ ನೀರಿನಲೆಯಂಥ ಗೆರೆ, ಕರಗಿದ್ದು ನಿಧಾನವಾಗಿ ಆರುವಾಗ ಮತ್ತು ತಗ್ಗಿದ ಶಾಖದಲ್ಲಿ ಬಡಿಯುವಾಗ ತಾನಾಗಿ ಮೂಡುವಂಥದ್ದು. ಇಂದು ಕತ್ತಿಗಾರರು ಡಮಾಸ್ಕಸ್ ಎಂದು ಕರೆಯುವುದು ಬಹುತೇಕ ಅದಲ್ಲ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಾಯಿಸಿ, ಬಡಿದು ಒಂದಾಗಿಸಿದ್ದು. ಈ ಕಲೆ ಹಳೆಯದೇ, ಆದರೆ ಅದಕ್ಕೆ ಈಗಿನ ಕಾಲದಲ್ಲಿ ಮರುಜೀವ ಬಂದದ್ದು, ಅಮೆರಿಕದ ಬಿಲ್ ಮೊರಾನ್ ಎಂಬ ಕಮ್ಮಾರ 1973ರಲ್ಲಿ ಅಂಥ ಚಾಕುಗಳನ್ನು ಒಂದು ಪ್ರದರ್ಶನದಲ್ಲಿ ಇಟ್ಟ ಮೇಲೆ. 1976ರಲ್ಲಿ ಅಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ‘ಮಾಸ್ಟರ್ ಸ್ಮಿತ್’ ಎಂಬ ಪದವಿ ಕೊಡುವ ಮುನ್ನ ಐದು ಚಾಕುಗಳನ್ನು ತೀರ್ಪುಗಾರರ ಮುಂದೆ ಇಡಬೇಕೆಂದು ವಿಧಿಸುತ್ತದೆ, ಅವುಗಳಲ್ಲಿ ಒಂದು ಅಡ್ಡತುಂಡು ಇರುವ, ಹಿಡಿಗೆ ಸುರುಳಿ ತೋಡು ಕೊರೆದು ತಂತಿ ಕೂರಿಸಿದ ಬಾಕೇ ಆಗಿರಬೇಕು. ನಮ್ಮ ಆಚಾರ್ರ ಮೊಮ್ಮಗನಿಗೆ ಅಮೆರಿಕಕ್ಕೆ ಹೋಗುವ ಯೋಚನೆಯೇನೂ ಇಲ್ಲ. ಆದರೆ ಅಂಥ ಬಾಕನ್ನು ಒಮ್ಮೆ ಮಾಡಿ ನೋಡಬೇಕೆಂಬ ಹಟ ಇತ್ತು. ನನ್ನ ಆಸೆಯೂ ಅವರ ಹಟವೂ ಹೀಗೆ ಕೂಡಿಕೊಂಡವು.

ನನಗೆ ಇನ್ನೊಂದು ಭಾವುಕತೆಯೂ ಇತ್ತು. ಉಕ್ಕು ನಮ್ಮ ಜಿಲ್ಲೆಯದೇ ಆಗಲಿ ಎಂದೆ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗಿ ಕಬ್ಬಿಣವಾಗುತ್ತಿತ್ತು, ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿ ನಡೆದಿತ್ತು. ಇಷ್ಟೆಲ್ಲ ಕೊಟ್ಟ ಮಣ್ಣಿನಿಂದ ಒಂದು ಹಿಡಿ ಉಕ್ಕು ಸಿಕ್ಕದೇ? ಅವರು ನಕ್ಕು, ‘ಯಾವ ಉಕ್ಕು ಅಂತ ಗೊತ್ತಿಲ್ದೆ ಯಾವ ಶಾಖಕ್ಕೆ ಅದ್ದಲಿ ಮೇಡಂ?’ ಎಂದರು. ಹಾಗಾಗಿ ಗುಣಪತ್ರವಿರುವ ಎರಡು ಉಕ್ಕುಗಳನ್ನು ತರಿಸಲಾಯಿತು. ಒಂದು 1095, ಅದರಲ್ಲಿ ಶೇಕಡಾ 0.95ರಷ್ಟು ಇಂಗಾಲ, ಇನ್ನೊಂದು 15ಎನ್20, ಅದರಲ್ಲಿ ಶೇಕಡಾ 2ರಷ್ಟು ನಿಕ್ಕಲ್. ಕೊನೆಯಲ್ಲಿ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದಾಗ ಮೊದಲನೆಯದು ಕಪ್ಪಾಗುತ್ತದೆ, ನಿಕ್ಕಲ್ ಇರುವುದು ಬೆಳ್ಳಗೆ ಉಳಿಯುತ್ತದೆ. ಕಪ್ಪುಬಿಳುಪಿನ ಗುಟ್ಟು ಇಷ್ಟೇ.

13 ಪಟ್ಟಿಗಳ ಕಟ್ಟನ್ನು ಕಾಯಿಸಿ, ಬಿಳಿಗಾರ ಉದುರಿಸಿ, ಬಡಿದು ಒಂದು ಮಾಡುವುದನ್ನು ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಸುಮಾರು 1,250 ಡಿಗ್ರಿಯಲ್ಲಿ ಉಕ್ಕು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿಗಾರ ಕರಗಿ ಅದರ ಮೈಮೇಲೆ ಜೇನಿನಂತೆ ಹರಿದಾಡುತ್ತದೆ. ಮೊದಲ ಪೆಟ್ಟು ಬಿದ್ದಾಗ ಅದು ಕಿಡಿಯಾಗಿ ನಾಲ್ಕೂ ಕಡೆಗೆ ಚಿಮ್ಮುತ್ತದೆ. ಆ ಬಿಳಿಗಾರ ಪದರಗಳ ನಡುವಿನ ಕಿಟ್ಟವನ್ನು ಕರಗಿಸಿ ಹೊರಗೆ ತಳ್ಳದಿದ್ದರೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಉಳಿದು, ಎಲ್ಲ ಕೆಲಸ ಮುಗಿದ ಮೇಲೆ ಮುಖ ತೋರಿಸುತ್ತದೆಯಂತೆ. ಬಡಿದು ಉದ್ದ ಮಾಡಿದ ಸರಳನ್ನು ನಾಲ್ಕು ತುಂಡು ಮಾಡಿ ಮತ್ತೆ ಪೇರಿಸಿದಾಗ 52 ಪದರ, ಇನ್ನೊಮ್ಮೆ ಹಾಗೆಯೇ ಮಾಡಿದಾಗ 208. ಇನ್ನೂ ಒಂದು ಸಲ ಮಾಡಬಾರದೇ, ಎಂಟುನೂರಾದರೂ ಆಗುತ್ತದಲ್ಲ ಎಂದೆ. ಚಿರೋಟಿಯ ಪದರದ ಲೆಕ್ಕದಲ್ಲಿ ಹೆಚ್ಚಾದಷ್ಟೂ ಒಳ್ಳೆಯದೆಂದು ನಾನು ತಿಳಿದಿದ್ದೆ. ಹಾಗಲ್ಲ, ಪದರ ತೀರ ತೆಳುವಾದರೆ ಕಣ್ಣಿಗೆ ಗೆರೆಯೇ ಕಾಣದೆ ಬರೀ ಬೂದುಬಣ್ಣವಾಗುತ್ತದೆ. 208ಕ್ಕೆ ನಿಲ್ಲಿಸಿ, ಸರಳನ್ನು ಕೆಂಪಗೆ ಕಾಯಿಸಿ, ಬಟ್ಟೆ ಹಿಂಡುವಂತೆ ತಿರುಚಿ, ಮತ್ತೆ ಚಪ್ಪಟೆ ಮಾಡಿದರು.

ಉದ್ದದ ಬಗ್ಗೆ ಒಂದು ಮಾತು. ವಕೀಲರಾಗಿರುವ ಗೆಳತಿಯೊಬ್ಬಳ ಬಳಿ ಮೊದಲೇ ವಿಚಾರಿಸಿದ್ದೆ. 1959ರ ಆಯುಧ ಕಾಯ್ದೆಯ ಕೆಳಗೆ ಬಂದ 2016ರ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕುಗಳ ಜೊತೆಗೆ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಮಾತು ಬರುತ್ತದೆ. ಮನೆ ಮತ್ತು ಬೇಸಾಯದ ಕತ್ತಿಗಳಿಗೆ ಅದರಿಂದ ವಿನಾಯಿತಿ ಇದೆ. ಏಳೂವರೆ ಅಂಗುಲ ಉದ್ದ, ಒಂದೂಕಾಲು ಅಂಗುಲ ಅಗಲ ಎಂದು ನಾವು ಗೊತ್ತುಮಾಡಿಕೊಂಡೆವು, ಮತ್ತು ಅದು ಮನೆಯ ಗಾಜಿನ ಬೀರು ಬಿಟ್ಟು ಹೊರಗೆ ಹೋಗಕೂಡದೆಂದು ಗೆಳತಿ ನನ್ನಿಂದ ಮಾತು ತೆಗೆದುಕೊಂಡಳು. ಹಿಡಿಗೆ ನಮ್ಮ ಹಳೆಯ ಮನೆಯ ಜಗುಲಿಯಲ್ಲಿ ತೂಗುಹಾಕಿದ್ದ ಕಡವೆಯ ಕೊಂಬಿನ ತುಂಡು ಆದೀತೇ ಎಂದು ಕೇಳಿದಾಗ ಮಾತ್ರ ಆಚಾರ್ರ ಮೊಮ್ಮಗ ಖಡಾಖಂಡಿತವಾಗಿ ಒಲ್ಲೆ ಎಂದರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಾನಾಗಿ ಉದುರಿದ ಕೊಂಬನ್ನೂ ಮುಟ್ಟುವಂತಿಲ್ಲ. ಬೀಟೆ ನಮ್ಮ ತೋಟದಲ್ಲೇ ಇದೆ, ಆದರೆ ಅದನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಕೊನೆಗೆ ಸಿಕ್ಕಿದ್ದು ಸೌದೆ ಕೊಟ್ಟಿಗೆಯಲ್ಲಿ. ಬಿಳಿ ಕಾಂಡಕೊರಕ ಹಿಡಿದ ಹಳೆಯ ಅರೇಬಿಕಾ ಗಿಡಗಳನ್ನು ಅಣ್ಣ ಮೂರು ವರ್ಷದ ಹಿಂದೆ ಕೀಳಿಸಿದ್ದ. ಅಪ್ಪ ಮದುವೆಯಾದ ವರ್ಷ ನೆಟ್ಟ ಗಿಡಗಳು ಅವು. ಬುಡ ನನ್ನ ತೋಳಿನಷ್ಟು ದಪ್ಪ. ಕಾಫಿಯ ಮರ ಗಟ್ಟಿ, ನಯವಾದ ಎಳೆಯುಳ್ಳದ್ದು, ಬೆಣ್ಣೆಯ ಬಣ್ಣದ್ದು. ಅದನ್ನು ಒಲೆಗೆ ಒಡ್ಡುವವರಿಗೆ ಇದೆಲ್ಲ ಕಾಣುವುದಿಲ್ಲ, ನನಗೂ ಕಂಡಿರಲಿಲ್ಲ. ತೊಂದರೆಯೆಂದರೆ ಹುಳು. ಹೊರಗೆ ಸರಿಯಾಗಿ ಕಂಡ ತುಂಡನ್ನು ಕೊಯ್ದರೆ ಒಳಗೆ ಪುಡಿ ತುಂಬಿದ ಸುರಂಗ. ಏಳು ಕಾಂಡ ಕೊಯ್ದ ಮೇಲೆ ನಾಲ್ಕು ಅಂಗುಲದ ಒಂದೇ ಒಂದು ಗಟ್ಟಿ ತುಂಡು ಸಿಕ್ಕಿತು, ಅದರ ಒಂದು ಮಗ್ಗುಲಲ್ಲೂ ಬೆಂಕಿಕಡ್ಡಿ ತೂರುವಷ್ಟು ಒಂದು ತೂತು. ಬೇರೆ ಮರ ನೋಡೋಣವೇ ಎಂದರು. ನಾನು ಬೇಡವೆಂದೆ. ಆ ತೂತಿಗೆ ಬೆಳ್ಳಿಯ ಒಂದು ಸಣ್ಣ ಮೊಳೆ ಹೊಡೆದಿದ್ದಾರೆ. ಕಂಡವರೆಲ್ಲ ಅದನ್ನು ಅಲಂಕಾರವೆಂದು ತಿಳಿಯುತ್ತಾರೆ.

ಐದು ತಿಂಗಳೆಂದು ಹೇಳಿದ್ದ ಕೆಲಸ ಎಂಟನೆಯ ತಿಂಗಳಿಗೆ ಬಂದಾಗ, ಸೆಪ್ಟೆಂಬರಿನ ಒಂದು ಸಂಜೆ, ‘ಇವತ್ತು ಹದ ಹಾಕ್ತೀನಿ, ನೋಡೋದಾದ್ರೆ ಬನ್ನಿ’ ಎಂದು ಫೋನು ಬಂತು. ಹದ ಎಂದರೆ ಅಲಗನ್ನು ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿಮಾಡುವುದು. ಕಾದ ಉಕ್ಕಿನ ಬಣ್ಣ ತಿಳಿಯಬೇಕಾದರೆ ಮಬ್ಬು ಬೆಳಕು ಬೇಕು, ಆದ್ದರಿಂದ ಈ ಕೆಲಸಕ್ಕೆ ಸಂಜೆಯೇ ಹೊತ್ತು. ಅಲಗನ್ನು ಒಲೆಯಲ್ಲಿ ಆಚೀಚೆ ಆಡಿಸುತ್ತ, ಆಗಾಗ ಹೊರಗೆ ತೆಗೆದು ಒಂದು ಅಯಸ್ಕಾಂತಕ್ಕೆ ತಾಗಿಸುತ್ತಿದ್ದರು. 770 ಡಿಗ್ರಿ ದಾಟಿದ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಅಲ್ಲಿಂದ ಒಂದಿಷ್ಟು ಮೇಲೆ, 800ರ ಆಸುಪಾಸಿನಲ್ಲಿ, ಅದ್ದಬೇಕು. ಒಂದು ಹಂತದಲ್ಲಿ ಅಯಸ್ಕಾಂತ ಸುಮ್ಮನಾಯಿತು. ಮತ್ತೆ ಒಲೆಗೆ ಇಟ್ಟು ಮನಸ್ಸಿನಲ್ಲೇ ಏನೋ ಎಣಿಸಿ, ಮೊನೆ ಕೆಳಗೆ ಮಾಡಿ ಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಿದರು. ಎಣ್ಣೆಯ ಬಾಯಲ್ಲಿ ಉರಿ ಎದ್ದು ಆರಿತು. ಹೊರಗೆ ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದರು, ಮುಖ ಬದಲಾಯಿತು. ನನಗೆ ಏನೂ ಕಾಣಲಿಲ್ಲ. ಮೊನೆಯ ಕಡೆಗೆ ಒಂದು ಅಕ್ಕಿಕಾಳಿನಷ್ಟು ವಾಲಿತ್ತಂತೆ. ಒಂದೇ ಬಾಯಿಯ ಕತ್ತಿಯಾಗಿದ್ದರೆ ಆಮೇಲೆ ಉಜ್ಜಿ ಸರಿಮಾಡಬಹುದಿತ್ತು. ಬಾಕಿನಲ್ಲಿ ಒಂದು ಕಡೆ ಉಜ್ಜಿದರೆ ಉಳಿದ ಮೂರು ಕಡೆಯೂ ಲೆಕ್ಕ ತಪ್ಪುತ್ತದೆ. ಪೂರ್ತಿ ಆರುವ ಮುನ್ನ ಕೆಲವೇ ಕ್ಷಣ ಉಕ್ಕು ಬಾಗಲು ಒಪ್ಪುತ್ತದೆ ಎಂದು ಕೈಗವಸು ಹಾಕಿಕೊಂಡು, ಎರಡು ಮರದ ತುಂಡಿನ ನಡುವೆ ಇಟ್ಟು ಒತ್ತಿದರು. ಗಾಜಿನ ಬಳೆ ಒಡೆದಂಥ ಒಂದು ಸದ್ದು, ಅಷ್ಟೆ.

ಎಂಟು ತಿಂಗಳ ಕೆಲಸ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾಗ ಅವರು ಒಂದು ತುಂಡನ್ನು ಎತ್ತಿ, ಮುರಿದ ಮುಖವನ್ನು ದೀಪಕ್ಕೆ ಹಿಡಿದು, ‘ನೋಡಿ ಇಲ್ಲಿ, ವಿಭೂತಿ ಇದ್ದ ಹಾಗಿದೆ’ ಎಂದು ಸಂತೋಷಪಟ್ಟರು. ಶಾಖ ಹೆಚ್ಚಾಗಿದ್ದರೆ ಆ ಮುಖ ಸಕ್ಕರೆಯಂತೆ ಹರಳುಹರಳಾಗಿ ಮಿನುಗುತ್ತದೆ. ಇದು ನುಣ್ಣಗೆ, ಹೊಳಪಿಲ್ಲದೆ, ಬೂದಿಯ ಬಣ್ಣಕ್ಕಿತ್ತು. ಹದ ಸರಿಯಾಗಿಯೇ ಬಂದಿದೆ, ವಾಲಿದ್ದು ಮಾತ್ರ ತಪ್ಪು ಎಂಬುದು ಅವರ ಸಮಾಧಾನ. ಮುರಿದ ಮೊನೆಯನ್ನು ನನಗೇ ಕೊಟ್ಟರು. ಅಂದಿನಿಂದ ನಾನು ಅಂಚೆಯ ಲಕೋಟೆಗಳನ್ನು ಅದರಲ್ಲೇ ಸೀಳುತ್ತಿದ್ದೇನೆ. ಇಡೀ ಪ್ರಕರಣದಲ್ಲಿ ಏನಾದರೂ ಕೆಲಸಕ್ಕೆ ಬಂದದ್ದಿದ್ದರೆ ಆ ಮೂರು ಅಂಗುಲದ ತುಂಡೇ ಎಂದು ಅತ್ತಿಗೆಗೆ ಒಪ್ಪಿಸಿದ್ದೇನೆ. ಹೊಸ ಅಲಗಿಗೆ ಹಣ ಹೆಚ್ಚು ಕೊಡಲೇ ಎಂದು ಕೇಳಿದ್ದಕ್ಕೆ ಅವರಿಗೆ ಬೇಸರವೇ ಆಯಿತು.

ಎರಡನೆಯ ಅಲಗು ನವೆಂಬರಿನಲ್ಲಿ ನೆಟ್ಟಗೆ ಹೊರಬಂತು. ಅದನ್ನು 200 ಡಿಗ್ರಿಯ ಒಲೆಯಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟು ಪೆಡಸುತನ ಇಳಿಸಿದ ಮೇಲೆ ಉಜ್ಜುವ ಕೆಲಸ. ಈ ಭಾಗಕ್ಕೆ ನಾನು ಮೊದಲು ಬೆಲೆಯನ್ನೇ ಕಟ್ಟಿರಲಿಲ್ಲ. ಬೆಂಕಿ, ಕಿಡಿ, ಸುತ್ತಿಗೆ ಇವುಗಳಲ್ಲೇ ಕಲೆ ಇದೆ, ಉಜ್ಜುವುದು ಕೂಲಿ ಕೆಲಸ ಎಂದು ಅಂದುಕೊಂಡಿದ್ದೆ. ಬಾಕಿನ ಅಲಗಿಗೆ ನಾಲ್ಕು ಇಳಿಜಾರು. ಎರಡೆರಡು ಸೇರುವ ಕಡೆ ನಡುಗೆರೆ. ಆ ಗೆರೆ ಹಿಡಿಯಿಂದ ಹೊರಟು ಮೊನೆಯಲ್ಲಿ, ಎರಡು ಬಾಯಿಗಳೂ ಬಂದು ಸೇರುವ ಅದೇ ಚುಕ್ಕೆಯಲ್ಲಿ, ಮುಗಿಯಬೇಕು. ಹಿಂಬದಿಯ ಗೆರೆಯೂ ಸರಿಯಾಗಿ ಅದರ ಬೆನ್ನಿಗೇ ಇರಬೇಕು. ಕತ್ತಿಯ ತಪ್ಪನ್ನು ಬೆನ್ನು ಮುಚ್ಚಿಕೊಳ್ಳುತ್ತದೆ. ಬಾಕಿಗೆ ಬೆನ್ನಿಲ್ಲ.

ಇದನ್ನು ನೋಡುವುದು ಹೇಗೆಂದು ಅವರು ನನಗೆ ಕಲಿಸಿದರು. ಚಾವಣಿಯಲ್ಲಿ ಉದ್ದನೆಯ ಟ್ಯೂಬ್‌ಲೈಟ್ ಇತ್ತು. ಅಲಗನ್ನು ಅದರ ಕೆಳಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಬೆಳಕಿನ ಗೆರೆ ಇಳಿಜಾರಿನ ಮೇಲೆ ಬಂದು ಕೂರುತ್ತದೆ. ಇನ್ನಷ್ಟು ಓರೆ ಮಾಡಿದರೆ ಮೊನೆಯ ಕಡೆಗೆ ಓಡುತ್ತದೆ. ಇಳಿಜಾರು ಸಮವಾಗಿದ್ದರೆ ಆ ಬೆಳಕು ಎಣ್ಣೆಯ ಹನಿ ಜಾರಿದಂತೆ ಒಂದೇ ಸಮನೆ ಹೋಗುತ್ತದೆ. ಎಲ್ಲಿಯಾದರೂ ತಗ್ಗಿದ್ದರೆ ಅಲ್ಲಿ ಒಂದು ಕ್ಷಣ ತಡೆದು, ಸೊಟ್ಟಗಾಗಿ, ಆಮೇಲೆ ಮುಂದಕ್ಕೆ ಹಾರುತ್ತದೆ. ಮೊದಲ ದಿನ ನನಗೆ ಯಾವ ತಡೆಯೂ ಕಾಣಲಿಲ್ಲ. ಮೂರನೆಯ ಭೇಟಿಯಲ್ಲಿ, ಮೊನೆಗೆ ಎರಡು ಅಂಗುಲ ಹಿಂದೆ ಎಡ ಇಳಿಜಾರಿನಲ್ಲಿ ಬೆಳಕು ಬಿಕ್ಕಿದ್ದು ಕಂಡಿತು, ಹೇಳಿದೆ. ಅವರಿಗೆ ಅದು ಮೊದಲೇ ಗೊತ್ತಿತ್ತು, ಉಪ್ಪುಕಾಗದ ಕೈಯಲ್ಲೇ ಇತ್ತು. ಮುಂದಿನ ಸಲ ಬೇಲೂರಿಗೆ ಹೋದಾಗ ಕನ್ನಡಿ ಹಿಡಿದ ಮದನಿಕೆಯ ಮುಂದೆ ನಿಂತು, ಬೆಳಗಿನ ಬಿಸಿಲು ಅವಳ ತೋಳಿನ ಮೇಲೆ ಹೇಗೆ ಜಾರುತ್ತದೆಂದು ನೋಡಿದೆ. ಇಷ್ಟು ವರ್ಷ ಮಕ್ಕಳಿಗೆ ಆಭರಣಗಳನ್ನು ಎಣಿಸಿ ತೋರಿಸಿದ್ದೆ, ತೋಳನ್ನು ತೋರಿಸಿರಲಿಲ್ಲ.

ಹಿಡಿಯ ಕೆಲಸವನ್ನು ವಿವರವಾಗಿ ಬರೆಯಲು ನಾನು ಅಲ್ಲಿರಲಿಲ್ಲ. ಆಗ ತೋಟದಲ್ಲಿ ಕಾಫಿ ಕೊಯ್ಲು. ಕಾಫಿ ಮರದ ಉರುಳೆಯ ಸುತ್ತ ನಾಲ್ಕು ಸುರುಳಿ ಗೆರೆಗಳನ್ನು ಪೆನ್ಸಿಲಿನಲ್ಲಿ ಬರೆದು, ಅರದಿಂದ ಉಜ್ಜಿ ತೋಡು ತೆಗೆದು, ಪ್ರತಿ ತೋಡಿನಲ್ಲೂ ಎರಡೆಳೆ ಹೊಸೆದ ಬೆಳ್ಳಿಯ ತಂತಿ ಕೂರಿಸಿದ್ದಾರೆ. ತಂತಿಯನ್ನು ಕಂಬಚ್ಚಿನಲ್ಲಿ ಎಳೆದುಕೊಟ್ಟವರು ನಮ್ಮ ಊರಿನ ಅಕ್ಕಸಾಲಿಯೊಬ್ಬರು; ಬಾಕಿಗೆಂದು ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ನಾನು ದೇವರ ಪೀಠಕ್ಕೆಂದು ಸುಳ್ಳು ಹೇಳಿದ್ದೆ. ಅಡ್ಡತುಂಡು ಮತ್ತು ತುದಿಯ ಗುಂಡು ಕಂಚಿನವು, ಯಾವ ಕೆತ್ತನೆಯೂ ಇಲ್ಲ. ಹೆಸರಿನ ಬಗ್ಗೆ ಮಾತ್ರ ನಾನು ಬಿಡಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಮಾಡಿದ ಶಿಲ್ಪಗಳ ಕೆಳಗೆ ಹೆಸರು ಕೊರೆದಿದ್ದಾರೆ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯಲ್ಲಿ ಅರಸನ ಹೆಸರಿನ ಜೊತೆಗೆ ಅವರ ಹೆಸರೂ ಉಳಿದಿರುವುದು ಅದರಿಂದಲೇ. ಈ ವಾದಕ್ಕೆ ಅವರು ಅರ್ಧ ಸೋತು, ತಾತನ ಹೆಸರಿನ ಮೊದಲ ಅಕ್ಷರವನ್ನು ಅಡ್ಡತುಂಡಿನ ಕೆಳಗೆ, ಸಾಸಿವೆಯಷ್ಟು ಗಾತ್ರದಲ್ಲಿ ಒತ್ತಿದ್ದಾರೆ.

13 ತಿಂಗಳಾದ ಮೇಲೆ, ಫೆಬ್ರವರಿಯಲ್ಲಿ ಬಾಕು ಮನೆಗೆ ಬಂತು. ಮೂರು ಕಂತಿನಲ್ಲಿ 62,000 ರೂಪಾಯಿ ಕೊಟ್ಟೆ. ಬೆಲೆ ಕೇಳಿದವರಿಗೆಲ್ಲ ನಿಜವನ್ನೇ ಹೇಳುತ್ತೇನೆ, ಬಳೆಯ ಬೆಲೆಯನ್ನು ಯಾರೂ ಮುಚ್ಚಿಡುವುದಿಲ್ಲ. ಮಾಡಿಸಬೇಕೆಂದಿರುವವರು ಯಾರಾದರೂ ಇದ್ದರೆ ಇಷ್ಟು ಹೇಳಬಲ್ಲೆ: ಉದ್ದ, ಹಿಡಿಯ ಮರ, ಕೈಯ ಅಳತೆ ಈ ಮೂರನ್ನು ನೀವು ಹೇಳಿ, ಉಳಿದದ್ದನ್ನು ಮಾಡುವವರಿಗೆ ಬಿಡಿ, ಮತ್ತು ಅವರ ಹಳೆಯ ಕೆಲಸವನ್ನು ಚಿತ್ರದಲ್ಲಿ ನೋಡಿ ಒಪ್ಪಬೇಡಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ.

ಒರೆ ಚರ್ಮದ್ದಿದೆ, ಆದರೆ ಬಾಕನ್ನು ಅದರೊಳಗೆ ಇಡಬಾರದೆಂದು ಅವರು ಎರಡು ಸಲ ಹೇಳಿ ಕಳಿಸಿದ್ದರು; ಚರ್ಮ ತೇವವನ್ನು ಹೀರಿಕೊಂಡು ಅಲಗಿಗೆ ಅಂಟಿಸುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ದಿನ ಕಳೆದಂತೆ ಅಂಟಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಸಾಕು. ಇದೆಲ್ಲವನ್ನೂ ಪಾಲಿಸಿದೆ. ಆದರೆ ಈ ಜೂನಿನಲ್ಲಿ ಮಳೆ ಹಿಡಿದುಕೊಂಡ ವಾರ ಅತ್ತಿಗೆ ಮನೆಗೆ ಬಂದು, ಬೀರುವಿನಿಂದ ತೆಗೆಸಿ, ಹಿಡಿಯಲ್ಲಿ ಅಪ್ಪನ ಕಾಫಿ ಗಿಡವನ್ನು ಗುರುತಿಸಿ, ‘ಮಾವನ ಗಿಡ ಅಂತ ಮೊದ್ಲೇ ಹೇಳಬಾರದಿತ್ತೇನೇ’ ಎಂದು ಬೈದು, ಅಲಗನ್ನು ಬೆಳಕಿಗೆ ಹಿಡಿದು ನೋಡಿ ಇಟ್ಟರು. ನಾನು ಒರೆಸಲು ಮರೆತೆ. ಹತ್ತು ದಿನ ಬಿಟ್ಟು ನೋಡಿದರೆ ನಡುಗೆರೆಯ ಬಲಕ್ಕೆ, ತಿರುಚಿದ ಪದರಗಳ ಮೇಲೆ, ಅತ್ತಿಗೆಯ ಹೆಬ್ಬೆಟ್ಟಿನ ಗುರುತು ಕಂದುಬಣ್ಣಕ್ಕೆ ಅಚ್ಚಾಗಿ ಕೂತಿದೆ, ಒಂದೊಂದು ಗೆರೆಯೂ ಎಣಿಸುವಂತೆ. ಕುಲುಮೆಗೆ ಫೋನು ಮಾಡಿದೆ. ತಂದುಕೊಡಿ, ಉಜ್ಜಿ ಮತ್ತೆ ಅದ್ದಿಕೊಡುತ್ತೇನೆ, ಅರ್ಧ ದಿನದ ಕೆಲಸ ಎಂದಿದ್ದಾರೆ. ಶ್ರಾವಣ ಬಂದರೂ ಮಳೆ ನಿಂತಿಲ್ಲ, ನಾನು ಇನ್ನೂ ಒಯ್ದಿಲ್ಲ.